ಮೇಷ್ಟ್ರು ಕಾಲಿಡಿಸಿದ ಜೌಗು

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ಎಂಟನೇ ಕ್ಲಾಸಿಗೇ ನಾನು ಓದು ಬಿಟ್ಟೆ. ಅದಕ್ಕೆ ನಾಚಿಕೆಪಟ್ಟವನಲ್ಲ, ದುಡಿದೇ ತಿಂದಿದ್ದೇನೆ. ಆದರೆ ಮೊನ್ನೆ ಬೇಗೂರಿನಾಚೆಯ ಬಡಾವಣೆಯಲ್ಲಿ ಒಂದು ಮನೆ ಪಕ್ಕ ಚರಂಡಿ ತೋಡುವಾಗ ಜೆಸಿಬಿ ಬಕೆಟ್ಟಿನಲ್ಲಿ ಕರೀ ಕೆಸರು ಬಂತು. ಕೊಳೆತ ಜೊಂಡಿನ ವಾಸನೆ... ಇಂಜಿನ್ ಆಫ್ ಮಾಡಿ ಕೂತುಬಿಟ್ಟೆ.

ನಮ್ಮ ಇಂಗ್ಲಿಷ್ ಮೇಷ್ಟ್ರು ನೆನಪಾದರು. ಆಗ ಈ ಬಡಾವಣೆಯ ಜಾಗದಲ್ಲಿ ಮನೆಗಳಿರಲಿಲ್ಲ. ಜೊಂಡು, ನೀರಲ್ಲೇ ನಿಂತ ನೇರಳೆ ಮರಗಳು. ಒಂದು ದಿನ ಪಾಠದಲ್ಲಿ 'ಸ್ವಾಂಪ್' ಅನ್ನುವ ಮಾತು ಬಂತು. ಮೇಷ್ಟ್ರು ಬೋರ್ಡಿನ ಮೇಲೆ ಅರ್ಥ ಬರೆಯಲಿಲ್ಲ. ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಂದಲೂ ಕಾಲಿಡಿಸಿದರು.

"ಇದೇ ಸ್ವಾಂಪು. ಮರ ಇಲ್ದೆ ಬರೀ ಹುಲ್ಲಿದ್ರೆ ಮಾರ್ಷ್ ಅಂತಾರೆ. ಮೈಮೇಲೆ ಕೆಲ್ಸ ಮುಕುರ್ಕೊಂಡ್ರೂ ಇಂಗ್ಲಿಷ್ನಲ್ಲಿ ಈ ಸ್ವಾಂಪ್ ಅನ್ನೋ ಮಾತೇ ಬಳಸ್ತಾರೆ."

"ನಮ್ಮಟ್ಟಿ ಮುಂದೂ ಸ್ವಾಂಪೇ ಅದ ಸಾ!" ಅಂದೆ.

"ಅದು ನಿಮ್ಮವ್ವ ಪಾತ್ರೆ ತೊಳ್ದ ನೀರು ಕಣ್ಲಾ!" ಅಂದು ತಾವೇ ಎಲ್ಲರಿಗಿಂತ ಜೋರಾಗಿ ನಕ್ಕರು.

ವರ್ಷಗಳಾದ ಮೇಲೆ ನನ್ನ ಮೊದಲ ಜೆಸಿಬಿಗೆ ಸಿಕ್ಕ ದೊಡ್ಡ ಕೆಲಸವೇ ಬಡಾವಣೆಗೆಂದು ಆ ಜೌಗನ್ನು ಮುಚ್ಚುವುದು. ಬೇರೆಯವರಾದರೂ ಮುಚ್ಚುತ್ತಿದ್ದರು, ನಿಜ. ಮುಚ್ಚಿದ್ದು ನಾನು. ನೇರಳೆ ಮರಗಳನ್ನು ಉರುಳಿಸಿದ ಸಂಜೆ ಮೇಷ್ಟ್ರು ಛತ್ರಿ ಹಿಡಿದು ಬಂದರು. ರಿಟೈರ್ ಆದ ಮೇಲೂ ದಿನಾ ಸಂಜೆ ಅದೇ ದಾರಿಯಲ್ಲಿ ತಿರುಗಾಡುತ್ತಿದ್ದರು.

"ಯಾರ್ಲಾ ಅದು ಮೇಲೆ?"

"ನಾನೇ ಸಾ, ಎಂಟ್ನೇ ಕ್ಲಾಸ್ಗೆ ಬುಟ್ಟೋದವ್ನು."

"ಗಾಡಿ ನಿಂದಾ?"

"ನಂದೇ ಸಾ. ಸ್ವಂತದ್ದು."

ಗಾಡಿಯನ್ನು ಒಂದು ಸುತ್ತು ಬಂದು, ಟೈರು ತಟ್ಟಿ, "ಭೇಷ್ ಕಣ್ಲಾ" ಅಂದರು. ಆಮೇಲೆ ಬಿದ್ದ ಮರಗಳ ಕಡೆ ನೋಡಿದರು. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಆ ಮೂಲೆ ಬಾಳ ಆಳ ಅದ. ಗಾಡಿ ಹೂತ್ಕಂಡದು, ಉಷಾರು."

ಅಷ್ಟೇ ಹೇಳಿ ಹೊರಟರು. ನಾನು ಸೀಟಿನಿಂದ ಇಳಿದಿರಲೇ ಇಲ್ಲ. ಮಾರನೆ ದಿನ ಮೊದಲು ಮಣ್ಣು ಸುರಿದಿದ್ದು ಅವರು ತೋರಿಸಿದ ಮೂಲೆಗೇ.

ಅಲ್ಲಿಂದಾಚೆ ಅವರು ಆ ಕಡೆ ತಿರುಗಾಡಲು ಬರಲಿಲ್ಲ. ಬಸ್‌ ಸ್ಟಾಪಿನಲ್ಲಿ ಸಿಕ್ಕರೆ "ಗಾಡಿ ಎಂಗದ್ಲಾ?" ಅಂತ ನಗುನಗುತ್ತಲೇ ಕೇಳುತ್ತಿದ್ದರು. ಜೌಗಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ತೀರಿಕೊಂಡಾಗ ನಾನು ಮದ್ದೂರಿನ ಕಡೆ ಕೆಲಸದಲ್ಲಿದ್ದೆ... ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಮೊನ್ನೆ ತೋಡಿದ್ದು ಅದೇ ಮೂಲೆ. ಆ ಮನೆಯವರು ಒಳಗೆ ಕರೆದು ತೋರಿಸಿದರು. ನೆಲದ ಟೈಲ್ಸ್ ಸಂದಿಯಲ್ಲೆಲ್ಲ ನೀರು ಜಿನುಗುತ್ತಿತ್ತು.

"ಎಲ್ಲಿಂದ ಬತ್ತಾ ಅದಣ್ಣ ಈ ನೀರು?"

"ನೋಡನ ಬುಡಿ" ಅಂದೆ. ಗೊತ್ತಿದ್ದೂ, ಹೊರಗೆ ಬಂದು ಗಾಡಿ ಹತ್ತಿದೆ.

ಈಗ ನನಗೆ ಎರಡು ಜೆಸಿಬಿ, ಒಂದು ಟಿಪ್ಪರ್, ತಾರಸಿ ಮನೆ, ಇಂಗ್ಲಿಷ್ ಓದುವ ಒಬ್ಬಳು ಮಗಳು. ಅವಳಿಂದಲೂ ಕಾಲಿಡಿಸಿ ತೋರಿಸೋಣವೆಂದರೆ ಜೌಗು ಒಂದೂ ಇಲ್ಲ.