ಮಾವನ ಕೈಗೆ ಕೊಟ್ಟ ಎಲೆಅಡಿಕೆ

ನಮ್ಮೂರ ಫುಟ್‌ಬಾಲ್ ತಂಡ ಒಂದರ ಹಿಂದೊಂದು ಒಂಬತ್ತು ಆಟ ಸೋತಾಗ, ಮ್ಯಾನೇಜರನ್ನು ತೆಗೆಯಬೇಕು ಎಂದು ಮೊದಲು ಬಾಯಿಬಿಟ್ಟವನು ನಾನು. ಆ ಮ್ಯಾನೇಜರ್ ನನ್ನ ಸೋದರಮಾವ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಆಗ ನನಗೆ ಕಂಡಿರಲಿಲ್ಲ. ಆಟ ಬೇರೆ, ನೆಂಟಸ್ತನ ಬೇರೆ ಎಂದು ನನ್ನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಅಂಗಡಿ ಇರುವುದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಬಸ್ಸಿಗೆ ಕಾಯುವವರು ಅಲ್ಲೇ ನೆರಳಿಗೆ ನಿಲ್ಲಬೇಕು, ಪಾಪ, ನನ್ನ ಮಾತನ್ನೂ ಕೇಳಬೇಕು.

ತೆಂಗಿನ ಸೀಮೆಗೆ ಫುಟ್‌ಬಾಲ್ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಮಾವನ ಜೊತೆ ಬಸ್ಸಿನಲ್ಲಿ ಬಂತು. ಅವನು ಕಂಡಕ್ಟರಾಗಿದ್ದ ಮೊದಲ ವರ್ಷಗಳಲ್ಲಿ ಕೋಲಾರದ ಗಣಿಯ ಕಡೆ ಕೆಲಸ. ಡ್ಯೂಟಿ ಮುಗಿಸಿ ಅಲ್ಲಿನ ಮೈದಾನದ ಪಕ್ಕ ಕೂತು ಆಟ ನೋಡಿ ನೋಡಿ ಹುಚ್ಚು ಹತ್ತಿಸಿಕೊಂಡ. ರಿಟೈರಾಗಿ ಊರಿಗೆ ಬಂದವನು ಮರ ಹತ್ತುವ, ಕಾಯಿ ಸುಲಿಯುವ, ಗೂಡ್ಸ್ ಆಟೋ ಓಡಿಸುವ ಹುಡುಗರನ್ನೆಲ್ಲ ಒಟ್ಟು ಹಾಕಿ ತಂಡ ಕಟ್ಟಿದ. ಅತ್ತೆ ತೀರಿಹೋದ ಮೇಲೆ ಅವನ ಪಾಲಿಗೆ ಉಳಿದದ್ದು ಈ ತಂಡ, ಮತ್ತೆ ಭಾನುವಾರ ಸಂಜೆ ನಮ್ಮ ಮನೆಯ ಊಟ.

ನಮ್ಮ ಹಳ್ಳಿ ಬಿಳಿಗೆರೆಯ ಹತ್ತಿರ. ತೋಟಗಳ ನಡುವಿನ ಕಾಯಿ ಸುಲಿಯುವ ಬಯಲೇ ನಮ್ಮ ಮೈದಾನ. ಅದರ ಒಂದು ಬದಿಗೆ ಆಳೆತ್ತರದ ಸಿಪ್ಪೆರಾಶಿ ಇದೆ, ಅದೇ ನಮ್ಮ ಗ್ಯಾಲರಿ. ಕೂತಾಗ ಮೆತ್ತಗಿರುತ್ತದೆ, ಇಳಿದ ಮೇಲೆ ಎರಡು ದಿನ ಮೈ ತುರಿಸುತ್ತದೆ. ಆದರೂ ಭಾನುವಾರ ಬಂದರೆ ರಾಶಿಯ ಮೇಲೆ ಜಾಗಕ್ಕೆ ಜಗಳ. ಆಡುವವರು ಹನ್ನೊಂದು ಜನ, ಆಟ ಹೇಳಿಕೊಡುವವರು ನಾವು ನಲವತ್ತು ಜನ.

ಮಾವನ ಮೇಲೆ ನನ್ನ ಮುಖ್ಯ ಆರೋಪ ಅವನ ಸೀಟಿ. ಕಂಡಕ್ಟರ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಮುಂದಕ್ಕೆ ಓಡಬೇಕು. ಹಂದನಕೆರೆಯವರ ಮೇಲಿನ ಆಟದಲ್ಲಿ ನಮ್ಮ ಹುಡುಗನೊಬ್ಬ ಎಲ್ಲರನ್ನೂ ದಾಟಿ ಗೋಲಿನ ಮುಂದೆ ನಿಂತಿದ್ದ. ಕಾಲು ಎತ್ತುವುದೊಂದು ಬಾಕಿ. ಅಷ್ಟರಲ್ಲಿ ಮಾವ ಹಿಂದಿದ್ದ ಇನ್ಯಾರನ್ನೋ ನಿಲ್ಲಿಸಲು ಒಂದು ಸೀಟಿ ಊದಿದ. ಇವನು ಸ್ಟಾಪಿಗೆ ಬಂದ ಬಸ್ಸಿನ ಹಾಗೆ ನಿಂತುಬಿಟ್ಟ. ಹಂದನಕೆರೆಯವರು ಅವನ ಕಾಲ ಕೆಳಗಿಂದ ಚೆಂಡು ತೆಗೆದುಕೊಂಡು ಹೋಗಿ ನಮಗೇ ಗೋಲು ಹೊಡೆದರು. ನಾನು ಸಿಪ್ಪೆರಾಶಿಯ ತುದಿಯಿಂದ ಬುಡದವರೆಗೆ ಉರುಳಿದೆ, ಸಿಟ್ಟಿನಲ್ಲಿ ಕಾಲು ಕೊಡವಿದ್ದಕ್ಕೆ.

ಆವತ್ತಿನಿಂದ ಊರು ಎರಡಾಯಿತು. ಹೋಗಲಿ ಅನ್ನುವವರಿಗೆ ನಾನು ಮುಂದಾಳು, ಇರಲಿ ಅನ್ನುವವರಿಗೆ ಹಿಟ್ಟಿನ ಗಿರಣಿಯ ಯಜಮಾನ. ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಅದೇ ಚರ್ಚೆ. ಪಕ್ಕದ ಮನೆಯವರು ನಾಮಕರಣಕ್ಕೆ ಕರೆದು ಹಾಕಿದ ಸಂದೇಶ ನಮ್ಮ ವಾದದ ನಡುವೆ ಮುಳುಗಿಹೋಗಿ, ಅವರು ಮನೆಮನೆಗೆ ಬಂದು ಮತ್ತೆ ಕರೆಯಬೇಕಾಯಿತು. ವಿದೇಶದ ಕ್ಲಬ್ಬುಗಳನ್ನು ನೋಡಿ, ನಾಲ್ಕು ಆಟ ಸೋತರೆ ಮ್ಯಾನೇಜರನ್ನು ಮನೆಗೆ ಕಳಿಸುತ್ತಾರೆ ಎಂದು ನಾನು ಬರೆದರೆ, ಗಿರಣಿಯವರು ಒಂದು ಫೋಟೊ ಹಾಕಿದರು. ಅವರ ಅಟ್ಟದಲ್ಲಿ ಕೊಬ್ಬರಿಗೆಂದು ಹರವಿದ ಕಾಯಿ. ಅದರ ಕೆಳಗೆ, ಒಳಗೆ ಒಣಗಿ ಉಂಡೆ ಕೊಬ್ಬರಿ ಆಗಬೇಕಾದರೆ ಹತ್ತಿರ ಹತ್ತಿರ ವರ್ಷ ಹಿಡಿಯುತ್ತೆ, ವಾರಕ್ಕೊಂದು ಒಡೆದು ನೋಡ್ತಾ ಕೂತರೆ ಆಗುತ್ತಾ ಎಂದು ಪ್ರಶ್ನೆ. ವರ್ಷ ಕಳೆದ ಮೇಲೂ ಅಲ್ಲಾಡಿಸಿದರೆ ಒಳಗೆ ನೀರೇ ಕುಲುಕಿದರೆ ಆ ಕಾಯಿಯನ್ನು ಏನು ಮಾಡ್ತೀರಿ ಎಂದು ನಾನು ತಿರುಗಿ ಕೇಳಿದೆ. ಅದಕ್ಕೆ ಐವತ್ತೇಳು ಹೆಬ್ಬೆರಳು ಬಂದವು. ಆ ರಾತ್ರಿ ನಾನು ತಾಲ್ಲೂಕು ಗೆದ್ದವನ ಹಾಗೆ ಮಲಗಿದೆ.

ಬೆಳಿಗ್ಗೆ ಅಮ್ಮ ರೊಟ್ಟಿ ತಟ್ಟುತ್ತಾ, ಮುಖ ಎತ್ತದೆ ಹೇಳಿದಳು. "ನಿಮ್ಮ ಆಟದ ಸುದ್ದಿ ನಂಗೆ ಬ್ಯಾಡ. ಆದ್ರೆ ನಮ್ಮಣ್ಣ ಮನಸು ನೊಂದು ಈ ಮನೆ ಹೊಸಲು ತುಳಿಯೋದ ಬುಟ್ರೆ, ನಾನು ನಿನ್ನ ಮಾತಾಡ್ಸಕಿಲ್ಲ ಕಣಪ್ಪ."

ಅಮ್ಮ ಹೇಳಿದ್ದನ್ನು ಮಾಡುವವಳು. ಒಂದು ಒರಳುಕಲ್ಲಿನ ವಿಷಯಕ್ಕೆ ಓರಗಿತ್ತಿಯ ಜೊತೆ ಏಳು ವರ್ಷ ಮಾತು ಬಿಟ್ಟಿದ್ದಳು. ನನಗೆ ನಿಜಕ್ಕೂ ಭಯವಾಯಿತು. ಆದರೆ ಅಷ್ಟರಲ್ಲಿ ನಮ್ಮ ಕಡೆಗೆ ಬಹುಮತ ಬಂದು, ಮಾವನಿಗೆ ವಿಷಯ ಮುಟ್ಟಿಸುವ ಕೆಲಸ ಮುಂದಾಳಾದ ನನ್ನ ಕುತ್ತಿಗೆಗೇ ಬಿದ್ದಿತ್ತು. ಹಿರಿಯರ ಎದುರು ನಿಂತು ನೀನು ಹೋಗು ಎನ್ನುವುದು ಹೇಗೆ? ನಮ್ಮ ಕಡೆ ಹೊರಟವರೇ ಹೋಗ್ತೀನಿ ಅನ್ನುವುದಿಲ್ಲ, ಬತ್ತೀನಿ ಅನ್ನುತ್ತಾರೆ. ಮೂರು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಹಿಡಿದೆ. ಸನ್ಮಾನ ಮಾಡಿಬಿಡುವುದು. ಶಾಲು ಹೊದಿಸಿ, ಹಾರ ಹಾಕಿ, ಇಷ್ಟು ದಿನ ದುಡಿದಿರಿ ಎಂದು ಹೊಗಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಗಿರಣಿಯವರಿಗೆ ಹೇಳಿದಾಗ ಜಗಳ ಆಡುತ್ತಾರೆಂದುಕೊಂಡಿದ್ದೆ. ಅವರು ಬಹಳ ಒಳ್ಳೆಯ ಯೋಚನೆ ಎಂದರು. ಬರೀ ಶಾಲು ಹೊದಿಸಿದರೆ ಲಕ್ಷಣವಾಗಿರಲ್ಲ, ಎಲೆಅಡಿಕೆ, ಕಾಯಿಯನ್ನೂ ಕೈಗೆ ಕೊಡು, ನಾನೇ ತಟ್ಟೆ ಜೋಡಿಸ್ತೀನಿ ಎಂದರು. ಎದುರಾಳಿಯ ದೊಡ್ಡತನಕ್ಕೆ ಮನಸೋತು ಅವರಿಗೊಂದು ಟೀ ಕುಡಿಸಿದೆ.

ಭಾನುವಾರ ಆಟಕ್ಕೆ ಮುಂಚೆ ಬಯಲಿನ ನಡುವೆ ಕುರ್ಚಿ ಹಾಕಿ ಮಾವನನ್ನು ಕೂರಿಸಿದೆವು. ನಾನು ಶಾಲು ಹೊದಿಸಿದೆ, ಚೆನ್ನಾಗಿಯೇ ಮಾತಾಡಿದೆ, ಮಾತಿನಲ್ಲಿ ವಿಶ್ರಾಂತಿ ಎಂಬ ಪದವನ್ನು ನಾಲ್ಕು ಸಲ ತಂದೆ. ಕೊನೆಗೆ ಎಲೆಅಡಿಕೆ, ಜುಟ್ಟಿನ ಕಾಯಿ ಅವನ ಎರಡೂ ಕೈಗಿಟ್ಟೆ. ಮಾವ ಎದ್ದು ನಿಂತು ಅದನ್ನು ಕಣ್ಣಿಗೊತ್ತಿಕೊಂಡ. ಕೂಡಲೇ ಸಿಪ್ಪೆರಾಶಿಯ ಒಂದು ಮಗ್ಗುಲು ಚಪ್ಪಾಳೆ ಹೊಡೆಯಿತು. ಇನ್ನೊಂದು ಮಗ್ಗುಲು, ನಮ್ಮದು, ತಲೆ ಮೇಲೆ ಕೈ ಹೊತ್ತು ಕೂತಿತು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಮದುವೆಗೆ ಅಡುಗೆಯವರನ್ನು ಒಪ್ಪಿಸಿದರೆ, ವಾಲಗದವರನ್ನು ಗೊತ್ತುಮಾಡಿದರೆ ನಾವು ಕೊಡುವುದು ಏನು? ಇದೇ ಎಲೆಅಡಿಕೆ, ಇದೇ ಕಾಯಿ. ನೆಂಟರನ್ನು ಕಳಿಸುವಾಗಲೂ ಕೊಡುತ್ತೇವೆ, ನಿಜ. ಅದು ಹೆಂಗಸರು ಮನೆಯೊಳಗೆ, ಕುಂಕುಮದ ಜೊತೆ ಕೊಡುವುದು. ಬಯಲಲ್ಲಿ, ಹತ್ತು ಜನರ ಎದುರು, ಗಂಡಸು ಗಂಡಸಿನ ಕೈಗೆ ಕೊಟ್ಟರೆ ಕೆಲಸ ಒಪ್ಪಿಸಿದ ಹಾಗೆ. ಅವನು ಕಣ್ಣಿಗೊತ್ತಿಕೊಂಡರೆ ಒಪ್ಪಿಕೊಂಡ ಹಾಗೆ. ಎಲೆಅಡಿಕೆ ಕೊಟ್ಟ ಮೇಲೆ ಮಾತು ತಪ್ಪಿದ ಮನೆಗೆ ನಮ್ಮೂರಲ್ಲಿ ಯಾವ ವಾಲಗದವನೂ ಕಾಲಿಡುವುದಿಲ್ಲ. ಗಿರಣಿಯವರು ದೂರದಲ್ಲಿ ನಿಂತು ಮೀಸೆ ಸವರಿಕೊಳ್ಳುತ್ತಿದ್ದರು. ಮತ್ತೆ ಮಾವನನ್ನೇ ಮ್ಯಾನೇಜರ್ ಮಾಡಿದ್ದು ನಾನೇ, ನನ್ನ ಎರಡು ಕೈಯಾರೆ.

ಆವತ್ತು ಮೂರು ಗೋಲಿನಿಂದ ಸೋತೆವು. ನಮ್ಮ ಪಕ್ಷದವರು ಒಬ್ಬೊಬ್ಬರೇ ಬಂದು ನನ್ನನ್ನು ಬೈದು ಹೋದರು. ಹತ್ತನೆಯವನು ಬೈಯುವ ಹೊತ್ತಿಗೆ ನನಗೇ ನಗು ತಡೆಯಲಾಗಲಿಲ್ಲ, ಅವನೂ ನಕ್ಕ, ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕೆವು.

ಸಂಜೆ ಮಾವ ಊಟಕ್ಕೆ ಬರುತ್ತಾನೋ ಇಲ್ಲವೋ ಎಂದು ಅಮ್ಮ ಮೂರು ಸಲ ಬಾಗಿಲಿಗೆ ಹೋಗಿ ಬಂದಳು. ಬಂದ. ಶಾಲು ಹೊದ್ದುಕೊಂಡೇ ಬಂದ. ಮುದ್ದೆ ಮುರಿದು ಉಪ್ಸಾರಿಗೆ ಅದ್ದುತ್ತಾ, ಹವಾಮಾನ ಕೇಳುವವನ ಹಾಗೆ ನನ್ನ ಕಡೆ ತಿರುಗಿದ.

"ನನ್ನ ಬುಡುಸಕ್ಕೆ ಅಂತ್ಲೇ ಶಾಲು ತಂದಿದ್ದೆ ಅಂತ ಗೊತ್ತು ಕಣ್ಲಾ. ನಾಕು ಸಲ ವಿಶ್ರಾಂತಿ ವಿಶ್ರಾಂತಿ ಅಂದಲ್ಲ ನೀನು. ಈಗ ಯಾರೂ ಇಲ್ಲ, ನಿಮ್ಮವ್ವ ಒಬ್ಳೇ. ಬಾಯ್ಬುಟ್ಟು ಹೇಳು. ಇರ್ಲಾ, ಹೋಗ್ಲಾ?"

ಅಮ್ಮನ ಕೈಯಲ್ಲಿದ್ದ ಸೌಟು ನಿಂತುಹೋಯಿತು. ಸೋತ ಹತ್ತು ಆಟ, ಸೀಟಿ, ಹಂದನಕೆರೆ, ಎಲ್ಲ ಲೆಕ್ಕವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಅವನು ಒಂದು ಕೈಯಲ್ಲಿ ಶಾಲು ತಟ್ಟೆಗೆ ಬೀಳದ ಹಾಗೆ ಹಿಡಿದುಕೊಂಡು ಕೂತಿದ್ದ. ಹೋಗು ಎಂದರೆ ಹೋಗಿಬಿಡುತ್ತಿದ್ದ, ಕೈ ತೊಳೆದು, ಊಟ ಚೆನ್ನಾಗಿತ್ತು ಎಂದು ಹೇಳಿ. ನನಗೆ ಮಾವನ ಮೇಲೆ ಎಷ್ಟು ಪ್ರೀತಿ ಇದೆ ಎಂದು ಆಗಲೇ ಗೊತ್ತಾದದ್ದು.

"ಇರು ಮಾವ," ಅಂದೆ.

"ಹಂಗಾರೆ ಬರೋ ಭಾನುವಾರ ಗೋಲು ಕಾಯೋ ಗೋಲಿಯಾಗಿ ನೀನೇ ನಿಂತ್ಕೊ," ಅಂದ ಮಾವ, ಇನ್ನೊಂದು ತುತ್ತು ಮುರಿಯುತ್ತಾ. "ಸಿಪ್ಪೆ ಮ್ಯಾಲಿಂದ ನೀನು ಹೇಳ್ಕೊಡೋದು ನಂಗೆ ಸರಿಯಾಗಿ ಕೇಳ್ಸಕಿಲ್ಲ."

ತಮಾಷೆ ಅಂದುಕೊಂಡೆ. ಭಾನುವಾರ ಮಾವ ನಿಜವಾಗಿಯೂ ಕೈಗವಸು ತಂದು ಕೊಟ್ಟ. ನಲವತ್ನಾಲ್ಕು ವರ್ಷದ ನಾನು, ಹೊಟ್ಟೆ ಮುಂದಿಟ್ಟುಕೊಂಡು ಎರಡು ಕಂಬಗಳ ನಡುವೆ ನಿಂತೆ. ಮೇಲಿಂದ ನೋಡಿದಾಗ ಕೈ ಚಾಚಿದರೆ ಮುಗಿಯುವ ಜಾಗ ಅದು. ಕೆಳಗೆ ನಿಂತರೆ ಜೋಡಿ ಎತ್ತಿನ ಗಾಡಿ ತಿರುಗಿಸಬಹುದು. ತುರುವೇಕೆರೆಯವರ ಮೊದಲನೆಯ ಚೆಂಡು ನನ್ನ ಎಡಗಡೆ ಹೋಯಿತು, ನಾನು ಬಲಗಡೆ ಹಾರಿದ್ದೆ. ಎರಡನೆಯದು ಕಾಲ ಸಂದಿನಲ್ಲಿ ಹೋಯಿತು. ಮೂರನೆಯದು ಹೊಟ್ಟೆಗೆ ಬಡಿದು ಹೊರಗೆ ಹಾರಿದಾಗ ನನ್ನ ಸಂತೋಷ ಹೇಳತೀರದು. ನಾಲ್ಕನೆಯದು ಎಲ್ಲಿ ಹೋಯಿತೋ, ನಾನು ಇನ್ನೂ ಮೂರನೆಯದಕ್ಕೆ ಕೈ ಎತ್ತಿ ಕುಣಿಯುತ್ತಿದ್ದೆ.

ಅಷ್ಟು ಹೊತ್ತಿಗೆ ಸಿಪ್ಪೆರಾಶಿಯ ಮೇಲೆ ಎರಡು ಪಕ್ಷ ಉಳಿದಿರಲಿಲ್ಲ. ನನ್ನವರು, ಗಿರಣಿಯವರು, ಎಲ್ಲ ಒಂದೇ ದನಿಯಲ್ಲಿ ಗೋಲಿಯನ್ನು ತೆಗೀರಿ ಎಂದು ಕೂಗುತ್ತಿದ್ದರು. ಅವರು ಹೇಳುತ್ತಿದ್ದುದು ನ್ಯಾಯವಾಗಿಯೇ ಇತ್ತು. ನಾನು ಗೆರೆಯಾಚೆ ನಿಂತಿದ್ದ ಮಾವನ ಮುಖ ನೋಡಿದೆ. ಅವನು ರಾಶಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಆಟ ಮುಗಿಯುವವರೆಗೆ ನನ್ನನ್ನು ತೆಗೆಯಲೂ ಇಲ್ಲ.