ಬಳಿ ನನ್ನವು, ಕೈ ನಂದಲ್ಲ

ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಎಡ ಮುಂಗೈ ಮೇಲೆ ಹಸಿರು ಗೆರೆಯೊಂದು ಬಳೆಗಳ ಕೆಳಗಿಂದ ಹೊರಟು ಬೆರಳ ಸಂದಿಯವರೆಗೆ ಉಬ್ಬಿ ನಿಂತಿರುತ್ತಿತ್ತು. ಎಂಟನೆಯ ತರಗತಿಯಲ್ಲಿ ನಾವು ಅದನ್ನು ನರ ಎಂದಾಗ ಅವರು ನಕ್ಕಿದ್ದರು. "ಇದು ರಕ್ತನಾಳ. ನರ ಹಿಂಗ ಮೆರಿಯಂಗಿಲ್ಲ, ಒಳಗ ಕುಂತು ಕೆಲಸ ಮಾಡ್ತೈತಿ."

ತೊಂಬತ್ತರ ದಶಕದ ಕೊನೆ. ಇಳಕಲ್ಲಿನ ನಮ್ಮ ಶಾಲೆಯಲ್ಲಿ ಅರ್ಧಕ್ಕರ್ಧ ಹುಡುಗಿಯರು ನೇಕಾರರ ಮನೆಯವರು. ಒಂದು ದಿನ ಅಕ್ಕೋರು ಊಟದ ಡಬ್ಬಿಯಲ್ಲಿ ಕುರಿಯ ಮಿದುಳು ತಂದು ಮೇಜಿನ ಮೇಲಿಟ್ಟರು. ಮುಟ್ಟಿದರೆ ತಣ್ಣನೆಯ ಬೆಣ್ಣೆಯಂತಿತ್ತು.

"ಇದರ ಬಲಗಡಿ ಅರ್ಧ ಎಡಗೈ ಆಡಸ್ತೈತಿ, ಎಡಗಡಿ ಅರ್ಧ ಬಲಗೈ. ಇಲ್ಲಿಂದ ಬೆನ್ನಹುರಿ, ಅಲ್ಲಿಂದ ಮೈತುಂಬ ನರದ ಎಳಿ. ನಿಮ್ಮ ಮನ್ಯಾಗ ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೂಡಸಾಕ ಕೊಂಡಿ ಹಾಕ್ತಾರಲ್ಲ, ಇಲ್ಲಿ ಆ ಕೊಂಡಿ ಇಲ್ಲ. ಒಂದು ಎಳಿ ಇನ್ನೊಂದನ್ನ ಮುಟ್ಟಂಗಿಲ್ಲ. ನಡುವ ಕಣ್ಣಿಗೆ ಕಾಣದಷ್ಟು ಸಣ್ಣ ಸಂದಿ. ಸುದ್ದಿ ಅದನ್ನ ದಾಟಿ ಹೋಗಬೇಕು."

"ಸುದ್ದಿ ಮುಟ್ಟಲಿಲ್ಲಂದ್ರ, ಅಕ್ಕೋರ?" ಎಂದು ಕೇಳಿದೆ.

"ಕೈ ಇರ್ತೈತಿ. ಐತಿ ಅಂತ ನಿನಗ ಗೊತ್ತಿರಂಗಿಲ್ಲ."



ನಾನು ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಾಗ ಅಕ್ಕೋರಿಗೆ ಲಕ್ವಾ ಹೊಡೆದ ಸುದ್ದಿ ಬಂತು. ಅವರು ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ರಜೆ ಹಾಕಿ ಹೋದವಳನ್ನು ಆ ತಂಗಿ ಹೊಸ್ತಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದರು.

"ಮಾತು ಚಲೋ ಐತಿ, ಬುದ್ಧಿ ಚಲೋ ಐತಿ. ಆದ್ರ ತನ್ನ ಕೈಗೆ ತಾನ ಅಂಜ್ತಾಳವಾ. ನನಗೂ ಅದನ್ನ ಮುಟ್ಟಾಕ ಧೈರ್ಯ ಆಗವಲ್ದು."

ಹಾಡುಹಗಲು. ಪಕ್ಕದ ಮನೆಯ ಮಗ್ಗ ಲಟಲಟ ಸದ್ದು ಮಾಡುತ್ತಿತ್ತು. ಅಕ್ಕೋರು ನನ್ನನ್ನು ಕಂಡು ನಕ್ಕರು.

"ಬಾರವಾ, ಈ ಕಡಿ ಕುಂದ್ರು. ಆ ಕಡಿ ಅಕಿ ಮಲಗ್ಯಾಳ."

ಮಂಚದ ಮೇಲೆ ಅವರೊಬ್ಬರೇ ಇದ್ದರು.

"ಯಾರು, ಅಕ್ಕೋರ?"

"ಗೊತ್ತಿಲ್ಲ. ಮಾರಿ ತೋರಸಂಗಿಲ್ಲ, ಬರೇ ಕೈ ಕಾಣ್ತೈತಿ." ಬಲಗೈಯಿಂದ ತಮ್ಮದೇ ಎಡ ಮಣಿಕಟ್ಟು ಹಿಡಿದೆತ್ತಿ ತೋರಿಸಿದರು. "ನೋಡು. ಬಳಿ ನನ್ನವು, ಕೈ ನಂದಲ್ಲ."

ಬೆರಳಿನಿಂದ ಹೆಗಲಿನವರೆಗೆ ಆ ಕೈ ಸವರುತ್ತಾ ಹೋಗಿ, ಅದು ಎಲ್ಲಿ ಕೂಡಿದೆ ನೋಡಿರೆಂದೆ. ಬಹಳ ಹೊತ್ತು ನೋಡಿದರು.

"ಮಿದುಳಿನ ಯಾವ ಕಡಿ ಪೆಟ್ಟಾಗೈತಿ ಅಂದ್ರು ಡಾಕ್ಟರು?"

"ಬಲಗಡಿರಿ."

"ಹಂಗಾದ್ರ ಇದು ನನ್ನ ಕೈನ ಇರಬೇಕು. ಪಾಠ ಮರತಿಲ್ಲ ನಾ." ದನಿ ತಗ್ಗಿತು. "ಖರೆ ಹೇಳ್ತೇನಿ, ಪಾಠ ಗೊತ್ತಿದ್ದೂ ಅದು ನಂದಲ್ಲವಾ."

ಮರುದಿನ ತಂಗಿ ಕಾಲಿಗೆ ಶಾಖ ಕೊಡಲೆಂದು ಮಂಚದ ಎಡಬದಿಗೆ ಕೆಂಡದ ಅಗ್ಗಿಷ್ಟಿಕೆ ತಂದಿಟ್ಟರು. ನಾವು ಹಳೆಯ ಹುಡುಗಿಯರ ಸುದ್ದಿಯಲ್ಲಿ ಮುಳುಗಿದ್ದೆವು. ನಡುವೆ ಅಕ್ಕೋರು ಮೂಗರಳಿಸಿ, "ಏನೋ ಸುಟ್ಟ ವಾಸನಿ ಬರಾಕತ್ತೈತಿ. ಒಲಿ ಮ್ಯಾಲ ಏನರ ಐತೇನ ನೋಡ," ಎಂದರು. ತಂಗಿ ಅಡುಗೆಮನೆಗೆ ಹೋಗಿ ಬಂದರು. ಒಲೆ ಆರಿತ್ತು. ಆಗ ನಾನು ಕೆಳಗೆ ನೋಡಿದೆ. ಎಡಗೈ ಮಂಚದಿಂದ ಜಾರಿ ಅಗ್ಗಿಷ್ಟಿಕೆಯ ಅಂಚಿನ ಮೇಲೆ ಬಿದ್ದಿತ್ತು.

ಎಳೆದುಕೊಂಡೆ. ತಣ್ಣೀರು ಹಾಕಿದೆ. ಎದ್ದು ಬರುತ್ತಿದ್ದ ಬೊಬ್ಬೆಗಳನ್ನು ಅಕ್ಕೋರು ಬಗ್ಗಿ ನೋಡಿ, "ಅಯ್ಯ ಪಾಪ, ಅಕಿಗೆ ಎಷ್ಟು ಉರೀತಿರಬೇಕು," ಎಂದರು.

ತಂಗಿ ಗೋಡೆಗೊರಗಿ ನಿಂತುಬಿಟ್ಟರು. "ಇದು ದೆವ್ವದ ಗಾಳೀನ. ನಾಳೆ ಕೈಗೆ ಕಾಸಿ ಬರಿ ಹಾಕ್ಸೂದು ಖರೆ. ಬಿಸಿ ಬಿದ್ರ ಬಿಟ್ಟು ಹೋಗ್ತೈತಂತ."

 ತಡೆದವರು ಅಕ್ಕೋರು, ಹಿಂದೆ ತರಗತಿಯಲ್ಲಿ ಮಾತಾಡುತ್ತಿದ್ದ ಅದೇ ದನಿಯಲ್ಲಿ.

"ಈಗ ಬಿಸಿ ಬಿದ್ದಿತಲ್ಲ, ಹೋತೇನ ಅಕಿ? ನೋವು ಅಂದ್ರ ಮೈಗೆ ಕಾವಲುಗಾರ. ಈ ಕೈಗೆ ಕಾವಲುಗಾರ ಸತ್ತಾನ. ಅಂಥಾದ್ಕ ಬರಿ ಹಾಕ್ತಾರೇನ? ಅಕಿ ಯಾರರ ಇರ್ಲಿ, ನಮ್ಮ ಮನಿಗೆ ಬಂದಾಳ. ದಿನಾ ಎತ್ತಿ ನೋಡು, ಗಾಯ ತೊಳಿ, ಹೊದಸು."

ಬರೆಯ ಮಾತು ಅಲ್ಲಿಗೆ ನಿಂತಿತು. ಹೊರಡುವ ಮುನ್ನ ಗಾಯ ಕಟ್ಟುವುದನ್ನು ತಂಗಿಗೆ ಕಲಿಸಿದೆ. ಮೊದಲ ದಿನ ಕಣ್ಣು ಮುಚ್ಚಿಕೊಂಡೇ ಕಟ್ಟಿದರು. ಮುಂದಿನ ರಜೆಯಲ್ಲಿ ನೋಡಿದರೆ ಆ ಬೆರಳುಗಳ ಉಗುರು ತೆಗೆಯುತ್ತ ಕೂತಿದ್ದರು. ಅಕ್ಕೋರು ಮಾತ್ರ ಕೊನೆಯವರೆಗೂ ಊಟಕ್ಕೆ ಮೊದಲು, "ಅಕಿದು ಊಟ ಆತೇನ?" ಎಂದು ಕೇಳುತ್ತಿದ್ದರಂತೆ.

ಇಂದಿಗೂ ಲಕ್ವಾ ಹೊಡೆದವರ ಬಳಿ ಹೋದಾಗ ಅವರಿಗೆ ತಿಳಿಯದ ಕಡೆಯ ಮೈಯನ್ನೇ ನಾನು ಮೊದಲು ಎತ್ತಿ ನೋಡುತ್ತೇನೆ. ಅದು ಅಕ್ಕೋರು ಕಲಿಸಿದ್ದು.

ಲಕ್ವಾ ಹೊಡೆದ ವರ್ಷದ ಮಳೆಗಾಲದಲ್ಲೇ ಅಕ್ಕೋರು ತೀರಿಹೋದರು. ಬಾಗಲಕೋಟೆಯಿಂದ ನಾನು ಬರುವಷ್ಟರಲ್ಲಿ ಮೂರು ನಾಲ್ಕು ತಾಸು ಕಳೆದಿತ್ತು. ತಂಗಿ ಅಕ್ಕನ ಎಡಗೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಕೂತಿದ್ದರು.

"ಅಕ್ಕ ಹೋಗಿ ಭಾಳ ಹೊತ್ತಾತವಾ. ಅಕಿ ಇನ್ನೂ ಹೋಗಿಲ್ಲ. ಮುಟ್ಟಿ ನೋಡು."

ಮುಟ್ಟಿದೆ. ಕೈ ಬೆಚ್ಚಗಿತ್ತು. ಅಷ್ಟು ಹೊತ್ತು ಹಿಡಿದಿದ್ದ ಅವರದೇ ಅಂಗೈಗಳ ಬಿಸಿ ಅದು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.