ನಮ್ಮ ಮನೆಯ ಫೋಟೋ ನಾನೇ ತೆಗೆದೆ

ಡ್ರೋನ್ ಬಂದ ಹೊಸದರಲ್ಲಿ ನನಗೆ ಸ್ವಲ್ಪ ಕೊಬ್ಬು ಬಂದಿತ್ತು, ಸುಳ್ಳೇಕೆ ಹೇಳಲಿ. ಅಲ್ಲಿಯವರೆಗೆ ಮಾರಾಟಕ್ಕಿದ್ದ ಮನೆಗಳ ಅಡುಗೆಕೋಣೆ, ಬಚ್ಚಲುಗಳ ಫೋಟೋ ತೆಗೆಯುತ್ತ ಬಸವಕಲ್ಯಾಣ, ಹುಮನಾಬಾದ್ ನಡುವೆ ಬೈಕಿನಲ್ಲಿ ಅಲೆಯುತ್ತಿದ್ದೆ. ಈಗ ಮುಡಬಿ ಕಡೆಯ ಲೇಔಟುಗಳನ್ನೂ ಮೇಲಿನಿಂದ ತೋರಿಸುವವನಾದೆ. ಕೆಲಸವೆಲ್ಲ ಕೊಡುತ್ತಿದ್ದವರು ಹುಮನಾಬಾದಿನ ಒಬ್ಬ ದಲಾಲರು. ಬಸವಕಲ್ಯಾಣದಲ್ಲಿ ನಾವು ಬಾಡಿಗೆಗಿದ್ದ ಮನೆಯೂ ಅವರದೇ.

ಒಂದು ಬೆಳಿಗ್ಗೆ ಅವರ ಫೋನು ಬಂತು. "ನೀವಿರೋ ಮನಿ ಮಾರಾಕತ್ತೇನ್ರಿ. ಡ್ರೋನ್ ಹಾರ್ಸಿ ಮಸ್ತ್ ಫೋಟೋ ತಗೀರಿ."

"ಆತ್ರಿ" ಎಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳ! ಒಲ್ಲೆ ಎಂದರೆ ಕೆಲಸ ಹೋಗುತ್ತದೆ, ತೆಗೆದರೆ ಮನೆ ಹೋಗುತ್ತದೆ. ಬೇರೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ "ನೀವು ಯಾವ ಮಂದಿರಿ?" ಎಂದು. ಉತ್ತರ ಕೇಳಿದ ಮೇಲೆ ಖಾಲಿ ಇದ್ದ ಮನೆ ಖಾಲಿ ಇರುವುದಿಲ್ಲ. ಹಿಂದೆ ಹಾಗೆ ಏಳು ಬಾಗಿಲು ತಿರುಗಿದ್ದೆವು. ಏನೂ ಕೇಳದೆ ಕೀಲಿ ಕೊಟ್ಟವರು ಇವರೊಬ್ಬರೇ.

ಹೆಂಡತಿಗೆ ಹೇಳುವ ಧೈರ್ಯವಾಗಲಿಲ್ಲ. ಕೆಟ್ಟದಾಗಿ ತೆಗೆದರೆ ಯಾರೂ ಕೊಳ್ಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಸುಡುಬಿಸಿಲಿನ ಮಧ್ಯಾಹ್ನ ಆರಿಸಿಕೊಂಡೆ. ಆ ಹೊತ್ತಿನಲ್ಲಿ ಎಂಥ ಮನೆಯೂ ಬೋಳು ಬೋಳು. ಪಕ್ಕದ ಮನೆಯ ತುಕ್ಕು ಹಿಡಿದ ತಗಡೂ ಕಾಣುವಂತೆ ಬೀದಿಯಲ್ಲಿ ನಿಂತು ಡ್ರೋನ್ ಏರಿಸಿದೆ.

ನನ್ನ ಕರ್ಮ! ಮಾಳಿಗೆಯ ಮೇಲೆ ಹೆಂಡತಿ ಕೆಂಪು ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದಳು. ಸದ್ದಿಗೆ ತಲೆಯೆತ್ತಿ ನೋಡಿ, ಹಿಟ್ಟಿನ ಕೈ ಬೀಸಿ ನಕ್ಕಳು.

"ಊರ ಮಂದಿ ಮನಿ ಎಲ್ಲಾ ತಗೀತೀರಿ, ಇವತ್ತರ ನಮ್ಮನಿ ನೆನಪಾತಲ್ಲ! ಛಂದಾಗಿ ತಗೀರಿ ಮತ್ತ!" ಎಂದು ಅಲ್ಲಿಂದಲೇ ಕೂಗಿದಳು.

ತೆಗೆದೆ.

ಅದೊಂದನ್ನು ಬಿಟ್ಟು ಉಳಿದ ಫೋಟೋಗಳನ್ನು ಕಳಿಸಿದೆ. ದಲಾಲರು ಕೂಡಲೇ ಫೋನು ಮಾಡಿದರು. "ಏನ್ರಿ ಇವು? ಇಂಥಾವ ತಗ್ಯಾಕ ಡ್ರೋನ್ ಯಾಕ ಬೇಕ್ರಿ? ನಮ್ಮ ಮೊಬೈಲ್‌ನ್ಯಾಗ ಇದಕ್ಕಿಂತ ಛಲೋ ಬರ್ತಾವ."

ಮೈಯೆಲ್ಲ ಉರಿದುಹೋಯಿತು. ನನ್ನ ಕೆಲಸಕ್ಕೆ ಯಾರೂ ಹಾಗೆ ಅಂದಿರಲಿಲ್ಲ. ಅದೇ ಸಿಟ್ಟಿನಲ್ಲಿ ಕೆಂಪು ಸೀರೆಯ ಫೋಟೋ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಬುದ್ಧಿ ಬಂತು. ಅಷ್ಟರಲ್ಲಿ ಅವರು ಅದನ್ನು ನೋಡಿಯಾಗಿತ್ತು.

ನಾಲ್ಕನೆಯ ದಿನ ಗಂಡಹೆಂಡಿರಿಬ್ಬರು ಮನೆ ನೋಡಲು ಬಂದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ದಿನಾ ಹೇಳಬೇಕೆಂದುಕೊಳ್ಳುವುದು, ಊಟ ಮಾಡಿ ಸುಮ್ಮನಾಗುವುದು, ಇಷ್ಟೇ ಆಗಿತ್ತು. ಬಾಗಿಲು ತೆರೆದ ನನ್ನ ಹೆಂಡತಿಯನ್ನು ಕಂಡು ಆ ಹೆಂಗಸು ಹಿಗ್ಗಿಹೋದಳು.

"ಅಯ್ಯ, ಫೋಟೋದಾಗ ನಕ್ಕಾಕಿ ನೀವೇನ್ರಿ! ನಿಮ್ಮ ನಗಿ ನೋಡೇ ಈ ಮನಿನೇ ತಗೊಳ್ಳೂಣು ಅಂದೆ ನಾನು."

ಹೆಂಡತಿ "ಬರ್ರಿ, ಕೂಡ್ರಿ" ಎಂದು ಅವರನ್ನು ಒಳಗೆ ಕರೆದು, ಇಬ್ಬರಿಗೂ ನೀರು ಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಗೊತ್ತಿತ್ತಲ್ಲ ನಿಮಗ? ಮತ್ತ ನನ್ನ ನಗಾಕ ಯಾಕ ಬಿಟ್ರಿ?"